ಮಷೀನ್ ಬಾಯಿ ಡಾಕ್ಟರಾದದ್ದು

ನಾನು ಓದಿದ್ದು ಬಯೋಮೆಡಿಕಲ್ ಎಂಜಿನಿಯರಿಂಗ್. ಆ ಉದ್ದನೆಯ ಹೆಸರಿನಲ್ಲಿ ನಮ್ಮ ಬೇಡಕಿಹಾಳಕ್ಕೆ ಕೇಳಿಸಿದ್ದು ‘ಮೆಡಿಕಲ್’ ಎಂಬ ಒಂದೇ ಶಬ್ದ. ನಾನು ಎರಡನೆಯ ವರ್ಷದ ರಜೆಗೆ ಊರಿಗೆ ಬರುವಷ್ಟರಲ್ಲಿ ಇಡೀ ಊರು ನನ್ನನ್ನು ಡಾಕ್ಟರ್ ಮಾಡಿಬಿಟ್ಟಿತ್ತು. ಬಸದಿಯಿಂದ ಹೊರಗೆ ಬರುತ್ತಿದ್ದಂತೆ ಕಾಕಾ ಒಬ್ಬ ನಾಲಿಗೆ ಹೊರಚಾಚಿ ನಿಂತ. ಕಟ್ಟೆಯ ಮೇಲೆ ಕೂತರೆ ಅತ್ತಿಯೊಬ್ಬಳು ತನ್ನ ಮೊಣಕಾಲು ನನ್ನ ತೊಡೆಯ ಮೇಲೆ ಇಟ್ಟಳು. ನಾನು ಕಲಿಯುತ್ತಿರುವುದು ದವಾಖಾನೆಯ ಯಂತ್ರಗಳ ವಿಷಯ, ರೋಗದ ವಿಷಯವಲ್ಲ ಎಂದು ಹೇಳಿ ನೋಡಿದೆ. ಕಾಕಾ ನಾಲಿಗೆ ಒಳಗೆ ಎಳೆದುಕೊಂಡು, “ಈಗ ಕಲತವರು ಭಾಳ ಸೊಕ್ಕ ಮಾಡ್ತಾರ, ಮನಿ ಮಂದೀನೂ ನೋಡಂಗಿಲ್ಲ” ಎಂದು ಹೊರಟ.

ಚಿಕ್ಕೋಡಿಯಲ್ಲಿ ಪಿಯುಸಿ ಓದುವಾಗ ಗಣಿತದ ಜೊತೆ ಜೀವಶಾಸ್ತ್ರವನ್ನೂ ತೆಗೆದುಕೊಂಡಿದ್ದೆ. ಮೆಡಿಕಲ್ ಸೀಟಿಗೆ ಬೇಕಾದಷ್ಟು ಅಂಕ ಬರಲಿಲ್ಲ. ಉಳಿದದ್ದರಲ್ಲಿ ಈ ಹೆಸರು ಕೇಳಲು ಚೆನ್ನಾಗಿತ್ತು, ಸೇರಿದೆ. ಅಪ್ಪ ಕಬ್ಬು ಬೆಳೆಯುವವರು, ಸತ್ಯವಂತರು, ಸೂರ್ಯ ಮುಳುಗಿದ ಮೇಲೆ ಒಂದು ತುತ್ತೂ ತಿನ್ನದವರು. ಈ ಒಂದು ವಿಷಯದಲ್ಲಿ ಮಾತ್ರ ಅವರು ಊರನ್ನು ತಿದ್ದಲಿಲ್ಲ. “ಮಗಳು ಡಾಕ್ಟರಕಿ ಕಲ್ಯಾಕತ್ತಾಳಂತಲ್ರಿ?” ಎಂದು ಯಾರಾದರೂ ಕೇಳಿದರೆ, “ಹಾಂ, ಅದರಾಗಿಂದs ಒಂದ ಲೈನ್ ಐತಿ” ಎನ್ನುತ್ತಿದ್ದರು.

ಓದು ಮುಗಿದ ಮೇಲೆ ನಿಪ್ಪಾಣಿಯಲ್ಲಿ ಕೆಲಸ ಸಿಕ್ಕಿತು. ಎಂಬತ್ತರ ದಶಕದ ಕೊನೆಯ ವರ್ಷಗಳು. ನಮ್ಮ ಕಡೆ ಸಣ್ಣ ಸಣ್ಣ ಊರುಗಳಲ್ಲೂ ನರ್ಸಿಂಗ್ ಹೋಮುಗಳು ಏಳುತ್ತಿದ್ದವು, ಪ್ರತಿಯೊಂದಕ್ಕೂ ಒಂದು ಇಸಿಜಿ ಮಷೀನ್ ಬೇಕಾಗಿತ್ತು. ತಂಬಾಕಿನ ವ್ಯಾಪಾರಿ ಮನೆತನದ ಒಬ್ಬರು ಮಷೀನ್ ಮಾರುವ ಏಜೆನ್ಸಿ ತೆಗೆದಿದ್ದರು. ತಂಬಾಕಿನ ಮೂಟೆ ಮುಟ್ಟಿ ನೋಡಿ ದರ್ಜೆ ಹೇಳುತ್ತಿದ್ದ ಆ ಮಾಲಕರಿಗೆ ಮಷೀನ್ ಮುಟ್ಟಲು ಹೆದರಿಕೆ. ಮಾರುವುದು ಅವರ ಕೆಲಸ, ಕೆಟ್ಟರೆ ಹೋಗಿ ರಿಪೇರಿ ಮಾಡುವುದು ನನ್ನ ಕೆಲಸ. ಹೆಗಲಿಗೆ ಉಪಕರಣಗಳ ಚೀಲ ಹಾಕಿಕೊಂಡು ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಎಂದು ಬಸ್ಸಿನಲ್ಲಿ ತಿರುಗುತ್ತಿದ್ದೆ. ಸೀರೆ ಉಟ್ಟವಳೊಬ್ಬಳು ಸ್ಕ್ರೂಡ್ರೈವರ್ ಹಿಡಿಯುವುದನ್ನು ನೋಡಲು ದವಾಖಾನೆಯ ಬಾಗಿಲಲ್ಲಿ ಜನ ಸೇರುತ್ತಿದ್ದರು. ನರ್ಸುಗಳು ನನಗೆ ‘ಮಷೀನ್ ಬಾಯಿ’ ಎಂದು ಹೆಸರಿಟ್ಟರು.

ಆ ತಿರುಗಾಟದಲ್ಲಿ ನಾನು ಡಾಕ್ಟರರನ್ನು ಹತ್ತಿರದಿಂದ ನೋಡಿದೆ. ನೋಡಿದಷ್ಟೂ ಅವರ ಮೇಲಿನ ಮರ್ಯಾದೆ ಕರಗಿತು. ಚಿಕ್ಕೋಡಿಯ ಒಬ್ಬ ಡಾಕ್ಟರರು ಇಸಿಜಿ ಮಷೀನಿಗೆ ಹೆಂಡತಿಯ ಕೈಯಿಂದ ಕಸೂತಿಯ ಮುಸುಕು ಹೊಲಿಸಿದ್ದರು. ದಸರೆಯ ಖಂಡೇ ಪೂಜೆಯ ದಿನ ಅದಕ್ಕೆ ಕುಂಕುಮ ಹಚ್ಚಿ, ಚೆಂಡು ಹೂವು ಏರಿಸಿ, ಕಾಯಿ ಒಡೆದರು. ತೆಂಗಿನ ನೀರು ಒಳಗಿಳಿದು ಮಷೀನ್ ಸತ್ತಿತು. ಮರುದಿನ ನನ್ನನ್ನು ಕರೆಸಿ, “ನಿಮ್ಮ ಮಾಲ್ ಸುಮಾರ ಐತಿ” ಎಂದು ಬೈದರು. ರಾಯಬಾಗದ ಇನ್ನೊಬ್ಬರು ಹಲ್ಲುನೋವು ಎಂದು ಬಂದವರಿಗೂ ಎದೆಯ ಮೇಲೆ ವೈರು ಹಚ್ಚಿಸುತ್ತಿದ್ದರು. ಹೊರಗೆ ಬಂದ ಕಾಗದದ ಪಟ್ಟಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ಗಂಭೀರವಾಗಿ ನೋಡುತ್ತಿದ್ದರು. ಒಂದು ಸಲ ಪಟ್ಟಿ ತಲೆಕೆಳಗಾಗಿತ್ತು. ನೋಟದ ಗಾಂಭೀರ್ಯ ಮಾತ್ರ ಚೂರೂ ಕಡಿಮೆಯಾಗಲಿಲ್ಲ.

ಇವರೆಲ್ಲ ಕೆಟ್ಟವರಾಗಿರಲಿಲ್ಲ. ಊರು ಅವರನ್ನು ದೇವರೆಂದಿತ್ತು, ಅವರು ಅದನ್ನು ನಂಬಿದ್ದರು. ನಾನು ಅವರ ಮುಂದೆ ಕೂರುವಂತಿರಲಿಲ್ಲ. ಚಹಾ ಬಂದರೆ ಕಂಪೌಂಡರನ ಕೋಣೆಯಲ್ಲಿ ನಿಂತೇ ಕುಡಿಯಬೇಕಾಗಿತ್ತು.

ಒಂದು ಬೇಸಿಗೆಯಲ್ಲಿ ಅಥಣಿಯ ಒಂದು ನರ್ಸಿಂಗ್ ಹೋಮಿನಿಂದ ಏಜೆನ್ಸಿಗೆ ಫೋನ್ ಬಂತು. ಮಷೀನ್ ತಪ್ಪು ತೋರಿಸುತ್ತಿದೆ, ಕೂಡಲೇ ಯಾರನ್ನಾದರೂ ಕಳಿಸಿ ಎಂದು. ನಾನು ತಲುಪಿದಾಗ ಮಧ್ಯಾಹ್ನವಾಗಿತ್ತು. ಡಾಕ್ಟರರು ಹೊರಗೆ ಹೊರಡುವ ಆತುರದಲ್ಲಿದ್ದರು. ಸಕ್ಕರೆ ಕಾರ್ಖಾನೆಯ ಯಾವುದೋ ಸಮಾರಂಭದಲ್ಲಿ ಅವರಿಗೆ ಶಾಲು ಹೊದಿಸುವವರಿದ್ದರು. ಇಸ್ತ್ರಿಯ ಸಫಾರಿ ಹಾಕಿಕೊಂಡು, ಅತ್ತರು ಹಚ್ಚಿಕೊಂಡು, ಕನ್ನಡಿಯ ಮುಂದೆ ನಿಂತೇ ಮಾತಾಡಿದರು.

“ನೋಡ್ರಿ ನಿಮ್ಮ ಮಷೀನ್ ಏನ್ ಮಾಡಾಕತ್ತೈತಿ. ಪಟ್ಟಿ ಜೋರಾಗಿ ಓಡತೈತಿ, ಬೀಟ್ ಎಲ್ಲಾ ದೂರ ದೂರ ಬೀಳಾಕತ್ತಾವ. ಎರಡ ದಿನಾ ಆತು. ಪೇಷಂಟ್ ಮುಂದ ನಮ್ಮ ಮರ್ಯಾದಿ ಹೋಗತೈತಿ.”

ಆ ಪೇಷಂಟ್ ಒಳಗಿನ ಕೋಣೆಯಲ್ಲಿ ಸಲಾಯಿನ್ ಹಚ್ಚಿಸಿಕೊಂಡು ಮಲಗಿದ್ದಳು. ಅಥಣಿ ಹತ್ತಿರದ ಅನಂತಪುರದ ಕಡೆಯ ಕುರಿ ಕಾಯುವವರ ಹೆಂಗಸು, ನಮ್ಮವ್ವನ ವಯಸ್ಸಿನವಳು. ದಮ್ಮು ಹತ್ತುತ್ತದೆ, ಕಾಲು ಬಾತಿವೆ ಎಂದು ಕೆಲವು ವಾರಗಳ ಹಿಂದೆ ಬಂದಿದ್ದಳಂತೆ. ಡಾಕ್ಟರರು ಗುಳಿಗೆ ಕೊಟ್ಟಿದ್ದರು. ಆಮೇಲೆ ವಾಂತಿ ಶುರುವಾಯಿತು, ಗುಳಿಗೆ ಹೆಚ್ಚು ಮಾಡಿದರು. ಈಗ ನಿಂತಲ್ಲೇ ಕಣ್ಣು ಕತ್ತಲೆಯಾಗಿ ಬೀಳುತ್ತಿದ್ದಳು. ಹಾಸಿಗೆಯ ಪಕ್ಕದಲ್ಲಿ ಗಂಡ ಕಂಬಳಿ ಮಡಚಿಕೊಂಡು ನೆಲದ ಮೇಲೆ ಕೂತಿದ್ದ.

ನಾನು ಮಷೀನ್ ಬಿಚ್ಚಿ ನೋಡಿದೆ. ಕಾಗದ ಓಡಬೇಕಾದ ವೇಗದಲ್ಲೇ ಓಡುತ್ತಿತ್ತು. ವೈರುಗಳನ್ನು ನನ್ನ ಕೈಕಾಲಿಗೇ ಹಚ್ಚಿಕೊಂಡು ಪಟ್ಟಿ ತೆಗೆದೆ. ಎಲ್ಲ ಸರಿ ಬಂತು. ಕಂಪೌಂಡರನಿಗೆ ಹಚ್ಚಿದೆ, ಅದೂ ಸರಿ. ಆಮೇಲೆ ಆಕೆಗೆ ಹಚ್ಚಿದೆ. ಒಂದು ಬಡಿತ ಬಂತು. ಮುಂದಿನದಕ್ಕೆ ನಾನು ಉಸಿರು ಹಿಡಿದು ಕಾಯಬೇಕಾಯಿತು. ಆಕೆಯ ಮಣಿಕಟ್ಟು ಹಿಡಿದೆ. ಕಾಗದದ ಮೇಲೆ ಹೇಗೆ ಬೀಳುತ್ತಿತ್ತೋ ಬೆರಳಿನ ಕೆಳಗೂ ಹಾಗೆಯೇ ಹೊಡೆಯುತ್ತಿತ್ತು.

ಡಾಕ್ಟರರು ಬಾಗಿಲಿಗೆ ಬಂದರು.

“ಸಾಹೇಬ್ರ, ಮಷೀನ್ ಛಲೋ ಐತ್ರಿ,” ಎಂದೆ. “ಇವರ ನಾಡೀನs ಹಂಗ ಹೊಡ್ಯಾಕತ್ತೈತಿ. ಒಮ್ಮಿ ಕೈ ಹಿಡದ ನೋಡ್ರಿ.”

“ನೀವು ಡಾಕ್ಟರೇನ್ರಿ?”

“ಅಲ್ಲರಿ.”

“ಹಂಗಾರ ಸ್ಕ್ರೂಡ್ರೈವರ್ ಬಿಟ್ಟ ಬ್ಯಾರೆ ಏನೂ ಹಿಡೀಬ್ಯಾಡ್ರಿ.”

ಹಾಸಿಗೆಯ ಮೇಲಿದ್ದವಳು ಡಾಕ್ಟರರ ಕಡೆ ತಿರುಗಿ ಮೆಲ್ಲಗೆ ಹೇಳಿದಳು: “ಸಾಹೇಬ್ರ, ನನ್ನ ಕಣ್ಣಿಗಿ ಏನೋ ಆಗೇತ್ರಿ. ಬಿಳಿ ಕುರಿ ಎಲ್ಲಾ ಹಳದೀ ಕಾಣಾಕತ್ತಾವ.”

“ಹೌದಾ? ಹಂಗಾರ ನನಗೂ ಒಂದ ಹಳದಿ ಕುರಿ ತಂದ ಕೊಡವಾ,” ಎಂದು ಡಾಕ್ಟರರು ನಕ್ಕರು. ಕಂಪೌಂಡರ್ ಅವರಿಗಿಂತ ಜೋರಾಗಿ ನಕ್ಕ, ಅದು ಅವನ ನೌಕರಿಯ ಭಾಗ. “ಸಲಾಯಿನ್ ನಡೀಲಿ, ಗುಳಗಿ ನಡೀಲಿ. ಸಂಜೀಕ ನೋಡ್ತೀನಿ,” ಎಂದು ಹೇಳಿ ಕಾರು ಹತ್ತಿ ಹೋದರು.

ಆಕೆಯ ನಾಡಿಯನ್ನು ಅವರು ಮುಟ್ಟಲೇ ಇಲ್ಲ. ಮುಟ್ಟಿದ್ದರೆ ಅವರ ಕೈಗೆ ಏನಾಗುತ್ತಿತ್ತೋ ನನಗೆ ಇಂದಿಗೂ ತಿಳಿದಿಲ್ಲ.

ನಾನು ವೈರು ಬಿಚ್ಚುವ ಮೊದಲೇ ಆಕೆಯ ಕಣ್ಣು ಮೇಲೆ ತಿರುಗಿದವು. ಮಷೀನಿನ ಮುಳ್ಳು ನೆಟ್ಟಗೆ ಒಂದೇ ಗೆರೆ ಎಳೆಯತೊಡಗಿತು. ಕಂಪೌಂಡರ್ “ಫಿಟ್ಸ್, ಫಿಟ್ಸ್!” ಎಂದು ಕೂಗುತ್ತ ಬೀಗದ ಕೈ ಗೊಂಚಲು ತಂದು ಆಕೆಯ ಮುಷ್ಟಿಯೊಳಗೆ ತುರುಕಿದ. ಅಷ್ಟರಲ್ಲಿ ಮುಳ್ಳು ಒಮ್ಮೆ ಜಿಗಿಯಿತು, ಮತ್ತೊಮ್ಮೆ ಜಿಗಿಯಿತು. ಆಕೆ ಕಣ್ಣು ಬಿಟ್ಟು ಕೈಯಲ್ಲಿದ್ದ ಬೀಗದ ಕೈಗಳನ್ನು ನೋಡಿ, “ಇವ ಯಾರವು?” ಎಂದಳು. ಕಂಪೌಂಡರ್ ಗೆದ್ದವನಂತೆ ನನ್ನ ಕಡೆ ನೋಡಿದ.

ಗಂಡ ಎದ್ದು ನನ್ನ ಹತ್ತಿರ ಬಂದ. “ಬಾಯಾರ, ಆ ಕಾಗದದಾಗ ಏನ್ ಬಂದೈತ್ರಿ?”

“ನಾ ಡಾಕ್ಟರ್ ಅಲ್ಲರಿ ಅಣ್ಣಾ.”

“ಡಾಕ್ಟರ್ ಇದ್ದವರು ಕಾಗದ ನೋಡಲಿಲ್ಲ. ನೀವು ನೋಡೀರಿ. ಹೇಳ್ರಿ.”

“ಎದಿ ಬಡಿತ ಭಾಳ ಸಾವಕಾಶ ಆಗೇತಿ. ನಡುವ ನಿಂತೂ ನಿಂದರತೈತಿ. ಯಾಕ ಅನ್ನೂದು ನನಗ ಗೊತ್ತಿಲ್ಲ. ಮಿರಜಿನ ದೊಡ್ಡ ದವಾಖಾನಿಗೆ ಒಯ್ಯಿರಿ, ಈಗಿಂದೀಗ.”

ಆತ ಕಂಬಳಿ ಹಾಸಿ, ಹೆಂಡತಿಯನ್ನು ಅದರಲ್ಲಿ ಎತ್ತಿಕೊಂಡ. ಸಲಾಯಿನ್ ಬಾಟಲಿಯನ್ನು ನನ್ನ ಕೈಗೆ ಕೊಟ್ಟು, “ನೀವೂ ಬರ್ರಿ. ಅಲ್ಲೆ ಮರಾಠಿ ಮಾತಾಡ್ತಾರ, ನಮಗ ಬರಂಗಿಲ್ಲ,” ಎಂದ. ಕಂಪೌಂಡರ್ ಬಾಗಿಲಿಗೆ ಅಡ್ಡ ನಿಂತ. ಸಾಹೇಬರ ಅಪ್ಪಣೆ ಇಲ್ಲದೆ ಬಿಡುವುದಿಲ್ಲ ಎಂದ. ಕುರಿ ಕಾಯುವವನು ಅವನನ್ನು ನೋಡಿದ ನೋಟಕ್ಕೆ ಅವನೇ ಸರಿದು ದಾರಿ ಬಿಟ್ಟ. ನಾವು ರಸ್ತೆಗೆ ಇಳಿದ ಮೇಲೆ ಹಿಂದಿನಿಂದ ಕೂಗಿದ: “ಸಲಾಯಿನ್ ಬಾಟ್ಲಿ ಆದ್ರೂ ಇಟ್ಟ ಹೋಗ್ರಿ!”

ಮಂದಿ ತುಂಬಿಕೊಂಡು ಓಡುವ ವಡಾಪ್ ಜೀಪು ಸಿಕ್ಕಿತು. ಇದ್ದವರು ಇಳಿದು ಜಾಗ ಮಾಡಿಕೊಟ್ಟರು. ಕಾಗವಾಡ ದಾಟುವವರೆಗೆ ಆಕೆ ಎರಡು ಸಲ ಕಣ್ಣು ಮೇಲೆ ಮಾಡಿದಳು. ಎಚ್ಚರವಾದಾಗಲೆಲ್ಲ ಕುರಿಗಳದ್ದೇ ಮಾತು. ಯಾರು ಹಟ್ಟಿಗೆ ಹೊಡೆದುಕೊಂಡು ಹೋದರು, ಮರಿಗೆ ಹಾಲು ಕುಡಿಸಿದರೋ ಇಲ್ಲವೋ. “ನಿಮ್ಮ ಸೀರಿನೂ ಹಳದೀನs ಕಾಣತೈತವಾ” ಎಂದಳು. ನಾನು ಉಟ್ಟದ್ದು ತಿಳಿ ನೀಲಿ ಸೀರೆ. ನಾನು ಬಾಟಲಿ ಎತ್ತಿ ಹಿಡಿದು ಆಕೆಯ ನಾಡಿಯನ್ನೇ ಎಣಿಸುತ್ತಿದ್ದೆ. ಆ ಹಳದಿಯ ಮಾತಿಗೆ ಏನು ಅರ್ಥವಿರಬಹುದೆಂದು ನನಗೂ ಹೊಳೆಯಲಿಲ್ಲ.

ಮಿರಜಿನ ಆಸ್ಪತ್ರೆಯಲ್ಲಿ ನನಗಿಂತ ಸಣ್ಣವನಂತೆ ಕಾಣುವ ಒಬ್ಬ ಡಾಕ್ಟರ್ ಇದ್ದ. ಕಂಪೌಂಡರನಿಗೆ ಕೊಡದೆ ತಂದಿದ್ದ ಪಟ್ಟಿಯನ್ನು ನಾನು ದೊಡ್ಡಸ್ತಿಕೆಯಿಂದ ಅವನ ಮುಂದೆ ಹಿಡಿದೆ. ಅವನು ಅದನ್ನು ಒಮ್ಮೆ ನೋಡಿ ಪಕ್ಕಕ್ಕಿಟ್ಟು, ಹಾಸಿಗೆಯ ಅಂಚಿಗೆ ಕೂತು, ಆಕೆಯ ಕೈ ಹಿಡಿದುಕೊಂಡು ಮರಾಠಿಯಲ್ಲಿ ಕೇಳತೊಡಗಿದ. ನಾನು ಕನ್ನಡಕ್ಕೆ ತಿರುಗಿಸಿದೆ. ವಾಂತಿ ಯಾವಾಗಿನಿಂದ? ಊಟ ಸೇರುತ್ತದೆಯೇ? ಬೇರೆ ಏನಾದರೂ ತೊಂದರೆ? ಆಕೆ ಮತ್ತೆ ಕುರಿಯ ಮಾತು ಹೇಳಿದಳು. ಇಷ್ಟು ಹೊತ್ತಿನಲ್ಲಿ ಇದನ್ನೇನು ಹೇಳುವುದು ಎಂದು ನನಗೆ ಸಂಕೋಚವಾಯಿತು. ಆದರೂ ಹೇಳಿದೆ.

ಅವನು ತಟ್ಟನೆ ತಲೆಯೆತ್ತಿದ. “ಪಿವಳೀ? ಮೆಂಢರಂ ಪಿವಳೀ ದಿಸ್ತಾತ?”

ಹೌದು, ಕುರಿಗಳು ಹಳದಿ ಕಾಣುತ್ತವಂತೆ ಎಂದೆ. ಗುಳಿಗೆ ಎಲ್ಲಿ ಎಂದು ಕೇಳಿದ. ಗಂಡ ತಲೆಗೆ ಸುತ್ತಿದ ಪಟಕದ ಸೆರಗಿನಿಂದ ಬಿಚ್ಚಿ ಸಣ್ಣ ಬಿಳಿ ಗುಳಿಗೆಗಳನ್ನು ತೋರಿಸಿದ. ಹೃದಯಕ್ಕೆ ಬಲ ಬರಲೆಂದು ಕೊಡುವ ಗುಳಿಗೆ ಅದು. ಹೆಚ್ಚಾದರೆ ವಿಷ. ಮೊದಲು ವಾಂತಿ, ಆಮೇಲೆ ಕಣ್ಣಿಗೆ ಎಲ್ಲ ಹಳದಿ, ಆಮೇಲೆ ಬಡಿತ ನಿಲ್ಲುತ್ತ ಬರುತ್ತದೆ. ಆಕೆಗೆ ವಾಂತಿ ಬಂದಾಗ ಅಥಣಿಯ ಡಾಕ್ಟರರು ನಿಲ್ಲಿಸಬೇಕಾದ ಗುಳಿಗೆಯನ್ನು ಹೆಚ್ಚಿಸಿದ್ದರು.

ಇದನ್ನೆಲ್ಲ ಅವನು ನನಗೆ ಹೇಳಿದ್ದು ಬಹಳ ಹೊತ್ತಾದ ಮೇಲೆ. ಮೊದಲು ಕೇಳಿದ್ದು, “ತಾವು ಯಾರು?” ಎಂಜಿನಿಯರ್ ಎಂದೆ. “ಹಾಗಾದರೆ ಹೊರಗೆ ಕೂರಿ” ಎಂದ. ಬೈಗುಳವಲ್ಲ, ಕೆಲಸದ ಮಾತು. ಬಾಗಿಲು ಮುಚ್ಚಿತು. ಒಳಗೆ ಆಕೆಯ ಹೃದಯದೊಳಕ್ಕೆ ತಂತಿ ಇಳಿಸಿ, ಅದಕ್ಕೆ ತಾಳ ಕೊಡುವ ಒಂದು ಪೆಟ್ಟಿಗೆ ಜೋಡಿಸುತ್ತಿದ್ದರು. ಆ ಪೆಟ್ಟಿಗೆಯ ಒಳಗಿನ ಒಂದೊಂದು ಭಾಗವೂ ನನಗೆ ಗೊತ್ತಿತ್ತು. ನಾನು ಹೊರಗಿನ ಬೆಂಚಿನ ಮೇಲೆ ಕುರಿ ಕಾಯುವವನ ಪಕ್ಕದಲ್ಲಿ ಕೂತೆ. ಅವನಿಗೂ ನನಗೂ ಅಲ್ಲಿ ಒಂದೇ ಬೆಲೆ.

ಆಕೆ ಬದುಕಿದಳು. ಗುಳಿಗೆ ನಿಂತ ಮೇಲೆ ಬಡಿತ ತಾನಾಗಿ ಹಾದಿಗೆ ಬಂತು, ತಂತಿ ತೆಗೆದರು. ಕೆಲವು ದಿನಗಳಾದ ಮೇಲೆ ನೋಡಲು ಹೋದಾಗ ಹಾಸಿಗೆಯ ಮೇಲೆ ಕಾಲು ಮಡಚಿ ಕೂತು, ಮಿರಜಿನ ಅನ್ನಕ್ಕೆ ರುಚಿಯಿಲ್ಲ ಎಂದು ಗಂಡನನ್ನು ಬೈಯುತ್ತಿದ್ದಳು.

ನಿಪ್ಪಾಣಿಯಲ್ಲಿ ಮಾಲಕರು ನನಗಾಗಿ ಕಾಯುತ್ತಿದ್ದರು. ಅಥಣಿಯಿಂದ ದೂರು ಬಂದಿತ್ತು. ನಿಮ್ಮ ಹುಡುಗಿ ನಮ್ಮ ಪೇಷಂಟನ್ನು ಓಡಿಸಿಕೊಂಡು ಹೋದಳು, ಮಷೀನನ್ನೂ ವಾಪಸ್ ಒಯ್ಯಿರಿ ಎಂದು.

“ಆ ಹೆಣ್ಣಮಗಳು ಸಾಯತಿದ್ಲರಿ,” ಎಂದೆ.

“ನೋಡವಾ ತಂಗಿ,” ಎಂದು ಮಾಲಕರು ಸಮಾಧಾನವಾಗಿಯೇ ಹೇಳಿದರು, “ಡಾಕ್ಟರ್ ನಮ್ಮ ಗಿರಾಕಿ. ಪೇಷಂಟ್ ನಮ್ಮ ಗಿರಾಕಿ ಅಲ್ಲ. ಇಷ್ಟ ತಿಳ್ಕೊಂಡ್ರ ಎಲ್ಲಾ ಸುರಳೀತ ಆಗತೈತಿ. ಹೋಗಿ ಮಾಫಿ ಕೇಳಿ ಬಾ.”

ಉಪಕರಣಗಳ ಚೀಲವನ್ನು ಅವರ ಗಾದಿಯ ಮೇಲಿಟ್ಟು ಬೇಡಕಿಹಾಳದ ಬಸ್ಸು ಹತ್ತಿದೆ.

ಮೆಡಿಕಲ್ ಪರೀಕ್ಷೆಗೆ ಕೂರುತ್ತೇನೆ ಎಂದು ಮನೆಯಲ್ಲಿ ಹೇಳಿದಾಗ ಅವ್ವ ಒಲೆಯ ಕಡೆ ತಿರುಗಿದಳು. ಅಪ್ಪ ಕೇಳಿದರು: “ಅಂದ್ರ, ಇಷ್ಟ ದಿನಾ ನೀ ಕಲತದ್ದು ಏನು?”

“ಮಷೀನ್ ರಿಪೇರಿ, ಅಪ್ಪಾ. ನಿಮಗ ಗೊತ್ತಿತ್ತು.”

“ಗೊತ್ತಿತ್ತು. ಊರಿಗಿ ಈಗ ಏನಂತ ಹೇಳ್ಲಿ?”

“ದೊಡ್ಡ ಡಾಕ್ಟರಕಿ ಕಲ್ಯಾಕ ಹೊಂಟಾಳ ಅಂತ ಹೇಳ್ರಿ.”

ಅಪ್ಪನ ಮುಖ ಹಗುರಾಯಿತು. ಊರಿಗೂ ಅದು ಒಪ್ಪಿತವಾಯಿತು. ಒಪ್ಪದವರು ವರ ತರುತ್ತಿದ್ದ ನೆಂಟರು. ಇನ್ನೂ ಐದಾರು ವರ್ಷ ಓದಿದರೆ ಮುದುಕಿಯಾಗುತ್ತಾಳೆ ಎಂದು ಅವರು ನನ್ನೆದುರೇ ಲೆಕ್ಕ ಹಾಕಿದರು. ನಾನು ಅವರಿಗೆ ಅವಲಕ್ಕಿ ಕೊಟ್ಟು ಒಳಗೆ ಹೋಗಿ ಜೀವಶಾಸ್ತ್ರದ ಹಳೆಯ ಪುಸ್ತಕ ತೆರೆದೆ.

ಜನಸೇವೆಗಾಗಿ ಡಾಕ್ಟರಾದೆ ಎಂದು ಹೇಳುವವರನ್ನು ನಾನು ಬಹಳ ಜನ ನೋಡಿದ್ದೇನೆ. ನನ್ನ ಕಾರಣ ಅಷ್ಟು ಮಡಿಯಾಗಿರಲಿಲ್ಲ. ಆ ಸಫಾರಿಯವರಿಗೆ ಸಿಕ್ಕ ಪದವಿ ನನಗೆ ಸಿಕ್ಕಿಲ್ಲವಲ್ಲ ಎಂಬ ಸಿಟ್ಟು ಒಂದು ಕಡೆ. ಮುಚ್ಚಿದ ಬಾಗಿಲಿನ ಆಚೆ ಆ ಸಣ್ಣ ವಯಸ್ಸಿನವನಿಗೆ ಗೊತ್ತಿದ್ದದ್ದು ನನಗೆ ಗೊತ್ತಿಲ್ಲವಲ್ಲ ಎಂಬ ಹೊಟ್ಟೆಕಿಚ್ಚು ಇನ್ನೊಂದು ಕಡೆ. ಎರಡನೆಯದೇ ಹೆಚ್ಚು ಸುಟ್ಟಿತು.

ಎರಡನೆಯ ಪ್ರಯತ್ನದಲ್ಲಿ ಸೀಟು ಸಿಕ್ಕಿತು. ಕಾಲೇಜಿನಲ್ಲಿ ನನ್ನ ಸಹಪಾಠಿಗಳಿಗೆ ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ, ಆದರೆ ಹೆಸರಿನ ಮುಂದೆ ಡಾಕ್ಟರ್ ಎಂದು ಬರೆದು ನೋಡಿಕೊಳ್ಳುವ ಚಟ ಬಂದಿತ್ತು. ಅವರು ನನ್ನನ್ನು ಆಂಟಿ ಎಂದರು. ಅಂಗರಚನೆಯ ಪ್ರೊಫೆಸರರಿಗೆ ನಾನು ಎಂಜಿನಿಯರ್ ಎಂದು ತಿಳಿದ ದಿನದಿಂದ ಸ್ಲೈಡ್ ಪ್ರೊಜೆಕ್ಟರ್ ಕೆಟ್ಟಾಗಲೆಲ್ಲ ಪಾಠದ ನಡುವೆ ನನ್ನನ್ನು ಎಬ್ಬಿಸುತ್ತಿದ್ದರು. ನಾನು ರಿಪೇರಿ ಮಾಡುವ ಹೊತ್ತಿನಲ್ಲಿ ಅವರು ಉಳಿದವರಿಗೆ ಹೇಳುತ್ತಿದ್ದರು: “ನೋಡಿ, ಕೈಕೆಲಸದವರು ಬೇರೆ, ತಲೆಕೆಲಸದವರು ಬೇರೆ.” ಹೆಣ ಕೊಯ್ಯುವುದು ಯಾವ ಕೆಲಸ ಎಂದು ಕೇಳುವ ಮನಸ್ಸಾಗುತ್ತಿತ್ತು.

ವಾರ್ಡುಗಳಿಗೆ ಹೋಗತೊಡಗಿದ ಮೇಲೆ ಅಥಣಿಯ ಸಫಾರಿಗಳು ಎಲ್ಲಿ ತಯಾರಾಗುತ್ತವೆ ಎಂದು ತಿಳಿಯಿತು. ದೊಡ್ಡ ಡಾಕ್ಟರರು ಹಿಂದೆ ಹಿಂಡು ಕಟ್ಟಿಕೊಂಡು ಬರುತ್ತಿದ್ದರು. ಮಲಗಿದವರಿಗೆ ಹೆಸರಿರಲಿಲ್ಲ. “ಆ ಲಿವರ್ ಹೇಗಿದೆ? ಮೂಲೆಯ ಕಿಡ್ನಿಯನ್ನು ಮನೆಗೆ ಕಳಿಸಿ.” ಲಿವರ್ ಬಾಯಿ ತೆರೆದು ಏನೋ ಹೇಳುವಷ್ಟರಲ್ಲಿ ಹಿಂಡು ಮುಂದಿನ ಹಾಸಿಗೆಗೆ ಹೋಗಿರುತ್ತಿತ್ತು. ಹಿಂಡು ಹೋದ ಮೇಲೆ ನಾನು ಹಿಂದೆ ಉಳಿದು ಸ್ಟೂಲು ಎಳೆದು ಕೂರುತ್ತಿದ್ದೆ. ಏನು ಹೇಳಬೇಕೆಂದಿದ್ದಿರಿ ಎಂದು ಕೇಳುತ್ತಿದ್ದೆ. ಬಹಳಷ್ಟು ಸಲ ಅದು ಉಪಯೋಗದ ಮಾತಾಗಿರಲಿಲ್ಲ. ಮಗನ ಮೇಲಿನ ದೂರು, ಎಮ್ಮೆಯ ಚಿಂತೆ. ಕೆಲವು ಸಲ ಮಾತ್ರ ಆ ಎಮ್ಮೆಯ ಚಿಂತೆಯ ನಡುವೆ ರೋಗ ತಾನಾಗಿ ಎದ್ದು ಬಂದು ಮುಂದೆ ನಿಲ್ಲುತ್ತಿತ್ತು. ಹೌಸ್ ಸರ್ಜನ್ನರು ನನಗೆ ‘ವಕೀಲ’ ಎಂದು ಹೊಸ ಹೆಸರು ಕೊಟ್ಟರು. ಮಷೀನ್ ಬಾಯಿಗಿಂತ ಅದು ವಾಸಿ.

ಕೊನೆಯ ವರ್ಷದ ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ನನ್ನ ಕಾಗದ ನೋಡಿ ಕೇಳಿದರು: “ಒಳ್ಳೆಯ ಎಂಜಿನಿಯರಿಂಗ್ ಬಿಟ್ಟು ಇಲ್ಲಿಗೆ ಯಾಕೆ ಬಂದಿರಿ?”

“ಡಾಕ್ಟರರ ಕಾಟ ತಡೆಯಲಾಗದೆ, ಸರ್.”

ಒಬ್ಬರು ನಕ್ಕರು, ಇನ್ನೊಬ್ಬರು ನಗಲಿಲ್ಲ. ಪಾಸಾದೆ.

ತೊಂಬತ್ತರ ದಶಕದ ನಡುವಿನಲ್ಲಿ ಹಾರೂಗೇರಿಯಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಎರಡು ಕೋಣೆ ಹಿಡಿದು ಕೂತೆ. ಅದೇ ವರ್ಷ ಚಿಕ್ಕೋಡಿಯಲ್ಲಿ ಡಾಕ್ಟರರದೊಂದು ಸಭೆಯಾಯಿತು. ಅಥಣಿಯ ಆ ಡಾಕ್ಟರರೂ ಬಂದಿದ್ದರು. ಸಫಾರಿ ಹೋಗಿ ಕೋಟು ಬಂದಿತ್ತು. ನನ್ನ ಗುರುತು ಹಿಡಿದು, ಸುತ್ತಲಿದ್ದವರಿಗೆ ಕೇಳುವಂತೆ, “ಇವರು ಮೊದಲ ನಮ್ಮ ದವಾಖಾನ್ಯಾಗನs ಇದ್ರು. ಅಲ್ಲೇ ಇವರಿಗಿ ಡಾಕ್ಟರ್ ಆಗೂ ಹುಚ್ಚ ಹಿಡೀತು” ಎಂದರು. ಮೊದಲನೆಯದು ಸುಳ್ಳು, ಎರಡನೆಯದು ನಿಜ. ಅವರ ಕೈಯಲ್ಲಿದ್ದಂಥದೇ ಚಹಾದ ಕಪ್ಪು ನನ್ನ ಕೈಯಲ್ಲೂ ಇತ್ತು. ಕುರ್ಚಿಯೂ ಸಿಕ್ಕಿತ್ತು. ಆ ಚಹಾಕ್ಕೆ ರುಚಿ ಇರಲಿಲ್ಲ.

ಡಾಕ್ಟರರನ್ನು ತಿರಸ್ಕರಿಸಿ ಮುಗಿಯಿತು ಎಂದುಕೊಂಡರೆ, ಇನ್ನು ಪೇಷಂಟುಗಳ ಸರದಿ. ಹಾರೂಗೇರಿಯ ಸಂತೆಗೆ ಬಂದವರು ಕಬ್ಬಿನ ಜಲ್ಲೆಯನ್ನು ಕೊಳ್ಳುವ ಹಾಗೆಯೇ ಇಂಜೆಕ್ಷನ್ ಕೊಳ್ಳಲು ಬರುತ್ತಿದ್ದರು. ಕೆಂಪು ಔಷಧಿಯದು ಬಲವಾದದ್ದು, ಬಿಳಿಯದು ಹುಸಿ. ನಾನು ಸೂಜಿ ಹಿಡಿಯುವ ಬದಲು ಪ್ರಶ್ನೆ ಕೇಳುತ್ತಿದ್ದೆ. ಹೊಟ್ಟೆ ಎಲ್ಲಿ ನೋಯುತ್ತದೆ, ಉಂಡ ಮೇಲೋ ಉಣ್ಣುವ ಮೊದಲೋ, ನಿದ್ದೆ ಬರುತ್ತದೆಯೇ. ಈ ಬಾಯಿಗೆ ಏನೂ ತಿಳಿಯುವುದಿಲ್ಲ, ಎಲ್ಲ ನಮ್ಮನ್ನೇ ಕೇಳುತ್ತಾಳೆ ಎಂಬ ಸುದ್ದಿ ಬೇಗ ಹಬ್ಬಿತು. ರಸ್ತೆಯ ಆ ಬದಿಯಲ್ಲಿ ಯಾವ ಕಾಲೇಜಿನ ಮುಖವನ್ನೂ ನೋಡದ ಒಬ್ಬ ವೈದ್ಯನಿದ್ದ. ಆತ ಏನನ್ನೂ ಕೇಳುತ್ತಿರಲಿಲ್ಲ. ಬಾಗಿಲಿನಿಂದಲೇ ತೋಳು ಏರಿಸಿಕೊಂಡು ಬನ್ನಿ ಎನ್ನುತ್ತಿದ್ದ. ಅವನ ಅಂಗಡಿ ಯಾವಾಗಲೂ ತುಂಬಿರುತ್ತಿತ್ತು.

ಒಂದು ದಿನ ರಾಯಬಾಗದ ಕಡೆಯ ಹಳ್ಳಿಯ ಒಬ್ಬ ಮುದುಕ ಸೊಸೆಯನ್ನು ಜೊತೆಗೆ ಕರೆದುಕೊಂಡು ಬಂದ. ಮೈಯಲ್ಲಿ ಕಸುವಿಲ್ಲ ಎಂದ. ನಾನು ಕೇಳತೊಡಗಿದೆ. ನಾಲ್ಕನೆಯ ಪ್ರಶ್ನೆಗೆ ಅವನ ತಾಳ್ಮೆ ಮುಗಿಯಿತು.

“ಎಲ್ಲಾ ನಾನs ಹೇಳಬೇಕಂದ್ರ ನೀವು ಯಾಕ ಕುಂತೀರಿ? ಡಾಕ್ಟರ್ ಅದೀರೋ, ಊರ ಲೆಕ್ಕ ಬರಿಯೂ ತಲಾಠಿ ಅದೀರೋ?”

ಎದ್ದು ಧೋತರ ಕೊಡವಿಕೊಂಡು ರಸ್ತೆ ದಾಟಿದ. ಹೋಗಲಿ, ಕೆಂಪು ನೀರು ಚುಚ್ಚಿಸಿಕೊಳ್ಳಲಿ ಎಂದುಕೊಂಡೆ. ಸೊಸೆ ಮಾತ್ರ ಏಳಲಿಲ್ಲ. ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ಹಾಗೆಯೇ ಕೂತಿದ್ದಳು.

“ಅವರು ಹೋಗ್ಲಿ ಬಿಡ್ರಿ ಅಕ್ಕಾರ,” ಎಂದಳು. “ನನ್ನ ಕೇಳ್ರಿ.”

ಸೆರಗಿನೊಳಗೆ ಕೆಮ್ಮನ್ನು ಮುಚ್ಚಿಟ್ಟುಕೊಂಡು ಆಕೆ ಬಹಳ ದಿನಗಳಿಂದ ತಿರುಗುತ್ತಿದ್ದಳು. ಮನೆಯಲ್ಲಿ ತಿಳಿದರೆ ತವರಿಗೆ ಅಟ್ಟುತ್ತಾರೆಂಬ ಭಯ. ಸಂಜೆಯಾದರೆ ಜ್ವರ. ಒಲೆಯ ಹೊಗೆ ಎಂದು ಎಲ್ಲರಿಗೂ ಹೇಳಿದ್ದಳು. ನಾನು ಕೇಳಿದೆ, ಆಕೆ ಹೇಳಿದಳು. ಮಾವ ಆ ಬದಿಯಿಂದ “ಬಾ ಬೇ, ಬಸ್ ಬಂತು!” ಎಂದು ಕೂಗಿದ. ಬಸ್ಸು ಬಂದು ಹೋಯಿತು, ಆಕೆ ಕದಲಲಿಲ್ಲ.

ಕಫ ಪರೀಕ್ಷೆಗೆ ಕಳಿಸಿದೆ. ಕ್ಷಯವೇ ಇತ್ತು. ಗುಳಿಗೆಗಳು ಮುಗಿಯುವವರೆಗೆ ಆಕೆ ತಪ್ಪದೆ ಬಂದಳು, ಮೈ ತುಂಬಿಕೊಂಡಳು. ತವರಿಗೆ ಯಾರೂ ಅಟ್ಟಲಿಲ್ಲ. ಹೊಲಕ್ಕೆ ಆಳು ಬೇಕಿತ್ತು. ಮಾವ ಮಾತ್ರ ಒಮ್ಮೆಯೂ ನನ್ನ ಬಾಗಿಲು ದಾಟಲಿಲ್ಲ. ಸೊಸೆಯನ್ನು ಕರೆತಂದಾಗಲೆಲ್ಲ ಹೊರಗಿನ ಕಟ್ಟೆಯ ಮೇಲೆ ಬೀಡಿ ಸೇದುತ್ತ, ಒಳಗೆ ಇಷ್ಟು ಹೊತ್ತು ಏನು ಮಾತು ಎಂದು ನನ್ನ ಕಂಪೌಂಡರನನ್ನು ಬೈಯುತ್ತ ಕೂತಿರುತ್ತಿದ್ದ.